ಆಣೆ ಮುರಿದ ಮೀನಿನ ದೊಡ್ಡವ್ವ

ಹೋದ ವಾರ ರಾಯಚೂರಿನಿಂದ ಮಾನ್ವಿಗೆ ಹೊರಟ ಬಸ್ಸಿಗೆ ಯಾರೋ ಒಂದು ಚೀಲ ಒಣಮೀನು ಏರಿಸಿದರು. ಬಸ್ಸು ಸ್ಟ್ಯಾಂಡು ಬಿಡುವ ಮೊದಲೇ ಆ ವಾಸನೆ ಟಿಕೆಟ್ ಇಲ್ಲದೆ ಎಲ್ಲ ಸೀಟಿನಲ್ಲೂ ಕೂತುಬಿಟ್ಟಿತ್ತು. ಮುಂದಿನ ಸೀಟಿನ ಮಾಸ್ತರರು ಕರವಸ್ತ್ರದಲ್ಲಿ ಮುಖವನ್ನೇ ಗಂಟು ಕಟ್ಟಿಕೊಂಡರು. ಒಬ್ಬಳು ಕಿಟಕಿಯಿಂದ ತಲೆ ಎಷ್ಟು ಹೊರಗೆ ಹಾಕಿದಳೆಂದರೆ, ಆಕೆಯ ಅರ್ಧ ಪ್ರಯಾಣ ಬಸ್ಸಿನ ಹೊರಗೇ ಆಯಿತು. ಕಂಡಕ್ಟರ್ ಮುಖ ನೋಡಿದರೆ ಅಲ್ಲೇ ಟಿಕೆಟ್ ಹಿಂದೆ ರಾಜೀನಾಮೆ ಬರೆದುಕೊಡುವ ಹಾಗಿತ್ತು. ನಾನೊಬ್ಬಳೇ ಎದೆ ತುಂಬ ಉಸಿರು ಎಳೆದುಕೊಂಡು ಕೂತಿದ್ದೆ. ಕಣ್ಣಲ್ಲಿ ನೀರು ಬಂತು. ಪಕ್ಕದವರು ವಾಸನೆಗೆ ಅಂದುಕೊಂಡರು. ಅಲ್ಲ... ನನಗೆ ನಮ್ಮೂರಿನ ಮೀನಿನ ದೊಡ್ಡವ್ವ ನೆನಪಾಗಿದ್ದಳು.

ನಮ್ಮೂರು ದೇವದುರ್ಗ ತಾಲೂಕಿನಲ್ಲಿ, ಕೃಷ್ಣಾ ನದಿಯ ದಂಡೆಗೆ. ಊರು ಎಷ್ಟು ಸಣ್ಣದೆಂದರೆ ಒಬ್ಬರು ಸೀನಿದರೆ ಉಳಿದವರೆಲ್ಲ ತಿರುಗಿ ನೋಡುತ್ತಾರೆ. ದೊಡ್ಡವ್ವ ನಮಗೆ ಸಂಬಂಧಿಕಳಲ್ಲ. ನಮ್ಮ ಹಿತ್ತಲಿನ ಆಚೆಗೆ ಮೀನುಗಾರರ ಓಣಿ, ಆ ಓಣಿಯ ಮೊದಲ ಮನೆ ಆಕೆಯದು. ಗಂಡ ತೀರಿದ ಮೇಲೆ ಬಲೆ ತಾನೇ ಹಿಡಿದಿದ್ದಳು. ಬೆಳಿಗ್ಗೆ ಮೀನು ಹಿಡಿಯುವುದು, ಸಂತೆಯ ದಿನ ಬುಟ್ಟಿ ಹೊತ್ತು ಮಾನ್ವಿಗೆ ಹೋಗಿ ಮಾರುವುದು. ಆಕೆ ಕೂಗಿದರೆ ನದಿಯ ಆಚೆ ದಂಡೆಯ ನಾಯಿಗಳು ಎದ್ದು ಕೂರುತ್ತಿದ್ದವು. ನಮ್ಮದು ಲಿಂಗ ಕಟ್ಟಿಕೊಂಡವರ ಮನೆ. ಆಕೆಯ ಅಂಗಳಕ್ಕೆ ಹೋಗಿ ಬಂದರೆ ಅವ್ವ ಬಾಗಿಲಲ್ಲೇ ಕೊಡ ಹಿಡಿದು ನಿಂತಿರುತ್ತಿದ್ದಳು. ಹಾಗಾಗಿ ಇಡೀ ತಾಲೂಕಿನಲ್ಲಿ ಅತಿ ಹೆಚ್ಚು ಸ್ನಾನ ಮಾಡಿದ ಹುಡುಗಿ ನಾನೇ. ಬೇಸಿಗೆಯಲ್ಲಿ ಎಷ್ಟೋ ಸಲ ಸುಮ್ಮನೆ ತಂಪಾಗಲಿಕ್ಕೇ ಆಕೆಯ ಮನೆಗೆ ಹೋಗಿದ್ದುಂಟು.

ಒಂದು ಬೆಳಿಗ್ಗೆ ದಂಡೆಯಲ್ಲಿ ಆಕೆ ಬಲೆಯಿಂದ ಏನನ್ನೋ ಬಿಡಿಸುತ್ತಿದ್ದಳು. ಹತ್ತಿರ ಹೋಗಿ ನೋಡಿದರೆ ಆಮೆ. ಅದೂ ಕಲ್ಲಿನಂಥ ಚಿಪ್ಪಿನದಲ್ಲ. ಬೆನ್ನು ಹಸಿ ರೊಟ್ಟಿಯ ಹಾಗೆ ಮೆತ್ತಗೆ, ಮೂಗು ಸಣ್ಣ ಕೊಳವೆ, ಮುಖದಲ್ಲಿ ನಮ್ಮ ಹೆಡ್‌ಮಾಸ್ತರರ ಸಿಟ್ಟು. ದೊಡ್ಡವ್ವ ಅದನ್ನು ತೊಳೆದಳು. ಸೊಂಟದ ಚೀಲದಿಂದ ವಿಭೂತಿ ತೆಗೆದು ಬೆನ್ನಿಗೆ ಮೂರು ಬೆರಳು ಎಳೆದಳು. ಕೈಮುಗಿದು ನೀರಿಗೆ ಬಿಟ್ಟಳು. ಆಮೇಲೆ ನನ್ನ ಕೈ ಹಿಡಿದು ನೀರಿನಲ್ಲಿ ಅದ್ದಿಸಿ, ಹೊಳೆ ಮುಟ್ಟಿ ಆಣೆ ಮಾಡು ಎಂದಳು. ಕಂಡದ್ದನ್ನು ಯಾರಿಗೂ ಹೇಳಬಾರದು.

ಅದಕ್ಕೊಂದು ಹಿಂದಿನ ಕಥೆ ಇತ್ತು. ಬಹಳ ವರ್ಷದ ಹಿಂದೆ ಆಕೆಯೇ ಸಂತೆಯಲ್ಲಿ ಒಂದು ಆಮೆ ಮಾರಿದ್ದಳಂತೆ. ಮುಂದಿನ ವಾರ ಅದೇ ವಾಸನೆ ಹಿಡಿದು ಆಮೆ ವ್ಯಾಪಾರದ ಟೆಂಪೋದವರು ಊರಿಗೆ ಬಂದರು. ನಮ್ಮ ದಂಡೆಯಲ್ಲಿ ನೀರು ಆಳವಾಗಿ ನಿಲ್ಲುವ ಒಂದು ಮಡು ಇದೆ, ಅದರ ಪಕ್ಕದ ಮರಳು ದಿಬ್ಬ ಅಗೆದರು, ಮೊಟ್ಟೆ ಇಡಲು ಬಂದ ಆಮೆಗಳನ್ನೆಲ್ಲ ತುಂಬಿಕೊಂಡು ಹೋದರು. ಆಮೇಲೆ ಬಹಳ ವರ್ಷ ಆ ಮರಳಿನ ಮೇಲೆ ಆಮೆಯ ಒಂದು ಹೆಜ್ಜೆ ಗುರುತೂ ಬೀಳಲಿಲ್ಲ. ಆಗ ದೊಡ್ಡವ್ವ ಇಡೀ ಓಣಿಯನ್ನು ನೀರಿಗಿಳಿಸಿ ಆಣೆ ಮಾಡಿಸಿದ್ದಳು. ಬಲೆಗೆ ಆಮೆ ಬಿದ್ದರೆ ವಿಭೂತಿ ಹಚ್ಚಿ ಬಿಡಬೇಕು, ಹೆಂಡತಿಗೂ ಹೇಳಬಾರದು. ಬಾಯಿ ಬಿಟ್ಟವರು ಬಲೆ ಕಟ್ಟಿ ಮನೆಯ ಜಂತಿಗೆ ನೇತುಹಾಕಬೇಕು, ಸಾಯುವತನಕ ಮುಟ್ಟಬಾರದು.

ನನಗೆ ಬಲೆಯೇ ಇಲ್ಲವಲ್ಲ ಎಂದು ನಾನು ಜಾಣತನ ತೋರಿಸಿದೆ.

"ಬಲಿ ಇಲ್ಲ, ಬಾಯಿ ಅದ ಅಲ್ಲಲೇ," ಎಂದಳು ದೊಡ್ಡವ್ವ. "ಅದನ್ನ ಕಟ್ಟಿ ತೂಗ್ಹಾಕ್ತೀನಿ."

ನಾನು ಒಂಬತ್ತನೇ ತರಗತಿಯಲ್ಲಿದ್ದಾಗ ಊರಿಗೆ ಜೀಪು ಬಂತು. ಅಣು ವಿದ್ಯುತ್ ಕಾರ್ಖಾನೆ ಎಲ್ಲಿ ಕಟ್ಟಬಹುದು ಎಂದು ಹಲವು ಕಡೆ ಜಾಗ ನೋಡುತ್ತಿದ್ದರಂತೆ, ಅದರಲ್ಲಿ ನಮ್ಮ ದಂಡೆಯೂ ಒಂದು. ಬಂದವರು ಎರಡೇ ದಿನದಲ್ಲಿ ಮಡುವಿನ ಪಕ್ಕದ ಮರಳಿಗೆ ಕೆಂಪು ಬಾವುಟ ಹುಗಿದರು. ಕಾರ್ಖಾನೆ ಬಂದರೆ ನೀರು ಎಳೆಯುವ ಪೈಪು ಅಲ್ಲೇ. ಅವರ ಜೊತೆ ನೀರಿನ ಜೀವಿಗಳನ್ನು ಪಟ್ಟಿ ಮಾಡುವ ಒಬ್ಬ ಮೇಡಂ ಇದ್ದರು. ಕಾರ್ಖಾನೆ ನದಿಯ ನೀರು ಕುಡಿದು, ಬೆಚ್ಚಗೆ ಮಾಡಿ ವಾಪಸ್ ಬಿಡುತ್ತದೆ, ಅಳಿದುಹೋಗುತ್ತಿರುವ ಜೀವಿ ಇದ್ದ ಕಡೆ ಪೈಪು ಇಡುವಂತಿಲ್ಲ ಎಂದು ಶಾಲೆಗೆ ಬಂದು ಹೇಳಿದರು. ಆಮೇಲೆ ಚಿತ್ರಗಳ ಹಾಳೆ ಹಿಡಿದು ಮನೆಮನೆಗೆ ಹೋದರು. ಮೀನು, ನೀರುನಾಯಿ, ಮೊಸಳೆ, ಎಲ್ಲಕ್ಕೂ ಮೀನುಗಾರರು ಹೌದು ಎಂದರು. ಮೆತ್ತನೆ ಬೆನ್ನಿನ ಆಮೆಯ ಚಿತ್ರ ಬಂದ ಕೂಡಲೇ ಓಣಿಗೆ ಓಣಿಯೇ ತಲೆ ಅಲ್ಲಾಡಿಸಿತು. ಇಲ್ರಿ. ನೋಡೇ ಇಲ್ರಿ. ನಮ್ಮ ಅಜ್ಜನೂ ನೋಡಿಲ್ರಿ. ಅಷ್ಟು ಒಗ್ಗಟ್ಟನ್ನು ನಮ್ಮೂರು ಯಾವ ಚುನಾವಣೆಯಲ್ಲೂ ತೋರಿಸಿಲ್ಲ.

ಆಮೆ ಉಳಿಯಲಿ ಎಂದು ಮಾಡಿದ ಆಣೆಯೇ ಈಗ ಆಮೆಯನ್ನು ಪಟ್ಟಿಯಿಂದ ಅಳಿಸುತ್ತಿತ್ತು. ಜೀಪು ಹೊರಟಾಗ ಹಿಂದೆ ಓಡಿದೆ. ಮೇಡಂ ನಿಲ್ಲಿಸಿದರು. ಕಂಡದ್ದಷ್ಟನ್ನೇ ಹೇಳಿದ್ದರೆ ಆಗುತ್ತಿತ್ತು. ನನ್ನ ಬಾಯಿ ಗೊತ್ತಲ್ಲ... ಆಮೆ ಎತ್ತಿನ ಬಂಡಿಯ ಚಕ್ರದಷ್ಟಿದೆ ಎಂದೆ. ಮುನ್ನೂರು ಇವೆ ಎಂದೆ. ಒಂದರ ಮೇಲೆ ಕೂತು ಆಚೆ ದಂಡೆಗೆ ಹೋಗಿ ಬಂದಿದ್ದೇನೆ, ನಡುವೆ ನಿಲ್ಲಿಸಿ ಹುಣಸೆಹಣ್ಣೂ ತಿಂದಿದ್ದೇನೆ ಎಂದೆ. ಮೇಡಂ ನಕ್ಕು ನನ್ನ ಕೆನ್ನೆ ತಟ್ಟಿದರು. ಪೆನ್ನಿನ ಮುಚ್ಚಳ ಹಾಕಿದರು. ಡ್ರೈವರ್ ಇನ್ನೂ ನಗುತ್ತಲೇ ಗೇರ್ ಹಾಕಿದ.

ಸಂಜೆ ದೊಡ್ಡವ್ವನ ಮುಂದೆ ಎಲ್ಲ ಒಪ್ಪಿಕೊಂಡೆ. ಬಾಯಿ ತೂಗುಹಾಕಲು ಜಂತಿಯಲ್ಲಿ ಜಾಗ ಇದೆಯೇ ಎಂದು ನೋಡುತ್ತ ನಿಂತಿದ್ದೆ. ಆಕೆ ಬಯ್ಯಲಿಲ್ಲ. ಪಟ್ಟಿಯಲ್ಲಿ ಆಮೆ ಇಲ್ಲದಿದ್ದರೆ ಏನಾಗುತ್ತದೆ ಎಂದು ಕೇಳಿದಳು. ಬಾವುಟ ಇದ್ದಲ್ಲಿ ಅಗೆಯುತ್ತಾರೆ ಎಂದೆ. ಮೇಡಂ ಎಷ್ಟು ದಿನ ಇರುತ್ತಾರೆ ಎಂದಳು. ಇನ್ನು ನಾಲ್ಕು ದಿನ, ದೇವದುರ್ಗದ ಪ್ರವಾಸಿ ಮಂದಿರದಲ್ಲಿ.

ಮರುದಿನ ಬೆಳಕು ಹರಿಯುವ ಮುಂಚೆ ಓಣಿಯವರನ್ನೆಲ್ಲ ದಂಡೆಗೆ ಕರೆದು, ತಾನು ಮೇಡಂಗೆ ನಿಜ ಹೇಳುತ್ತೇನೆ ಎಂದಳು. ಎಲ್ಲರೂ ಒಟ್ಟಿಗೆ ಮಾತಾಡಿದರು. ಆಮೆ ಹಿಡಿದಿರಿ ಎಂದು ಕೇಸು ಹಾಕುತ್ತಾರೆ ಎಂದ ಒಬ್ಬ. ಟೆಂಪೋದವರು ಮತ್ತೆ ಬರುತ್ತಾರೆ ಎಂದ ಇನ್ನೊಬ್ಬ. ಕೊನೆಗೆ ಆಕೆಯ ಮೈದುನ ಕೇಳಿದ.

"ಆಣಿ ಇಡಿಸಿದಾಕಿ ನೀನ. ಮುರಿಯಾಕಿನೂ ನೀನ ಏನು ಅತ್ತಿಗಿ?"

"ಹೌದು, ನಾನ. ನೀವ್ಯಾರೂ ಬಾಯಿ ಬಿಡಬ್ಯಾಡ್ರಿ. ನಾಳಿ ಟೆಂಪೋದವ್ರು ಬಂದ್ರ ನಿಮ್ಮ ಆಣಿ ಬೇಕಾಗ್ತದ. ನಾ ಒಬ್ಬಾಕಿ ಹೇಳ್ತೀನಿ, ನಾ ಒಬ್ಬಾಕಿ ಬಲಿ ಕಟ್ಟಿಡ್ತೀನಿ."

"ಬಲಿ ಕಟ್ಟಿಟ್ಟು ಏನ್ ತಿಂತಿ?"

"ನಿಮ್ಮ ಮೀನು ಮಾರ್ತೀನಿ. ಮಾರಾಕ ಬಾಯಿ ಸಾಕು."

ಆಕೆ ಮನೆಗೆ ಹೋಗಿ, ಇನ್ನೂ ಹಸಿಯಾಗಿದ್ದ ಬಲೆಯನ್ನು ಮಡಚಿ, ಹಗ್ಗ ಸುತ್ತಿ ಜಂತಿಗೆ ಕಟ್ಟಿದಳು. ಸ್ಟೂಲು ಹಿಡಿದವಳು ನಾನು. ಮೀನಿನ ನೀರು ಹನಿ ಹನಿ ನನ್ನ ತಲೆ ಮೇಲೆ ಬಿತ್ತು. ಅವತ್ತು ಮಾತ್ರ ಮನೆಗೆ ಹೋಗಿ ಸ್ನಾನಕ್ಕೆ ಅವಸರ ಮಾಡಲಿಲ್ಲ.

ಮೊದಲ ಬಸ್ಸಿಗೆ ದೇವದುರ್ಗಕ್ಕೆ ಹೋದೆವು. ದಾರಿಯಲ್ಲಿ ದೊಡ್ಡವ್ವ ನನಗೆ ಶಿಕ್ಷೆ ಹೇಳಿದಳು. ಮೂರು ದಿನ ನಾನು ಒಂದು ಮಾತೂ ಆಡಬಾರದು. ಜೈಲು ಕೊಟ್ಟಿದ್ದರೂ ನಗುನಗುತ್ತ ಹೋಗುತ್ತಿದ್ದೆ. ಪ್ರವಾಸಿ ಮಂದಿರದಲ್ಲಿ ಮೇಡಂ ನನ್ನ ಗುರುತು ಹಿಡಿದು, ಇವತ್ತು ಆಮೆಯ ಮೇಲೆ ಬಂದೆಯಾ ಎಂದರು. ನನ್ನ ಕಿವಿ ಕೆಂಪಾಯಿತು, ತುಟಿ ಬಿಚ್ಚಲಿಲ್ಲ. ದೊಡ್ಡವ್ವ ಬಲಗೈ ಚಾಚಿ ಗೇಣು ತೋರಿಸಿದಳು.

"ಮೂರೂವರಿ ಗೇಣು ಅದ ರೀ ಮೇಡಂ. ಮುನ್ನೂರಿಲ್ಲ, ನಾ ಕಂಡಿದ್ದು ಹತ್ತರ ಒಳಗ. ಕೈಮುಗಿತೀನಿ, ಬಂದು ನೋಡ್ರಿ. ಸುಳ್ಳಾದ್ರ ನನ್ನ ಹೆಸರ ಮ್ಯಾಲ ಸುಳ್ಳು ಅಂತ ಬರೀರಿ."

ಮೇಡಂ ಒಂದು ಕ್ಷಣ ಆಕೆಯ ಕೈಯನ್ನೇ ನೋಡಿದರು. ಬಂದರು.

ಮೂರು ಬೆಳಿಗ್ಗೆ ನಾವು ಮೂವರೂ ದಂಡೆಯ ಜಾಲಿ ಗಿಡದ ಹಿಂದೆ ಹೊಟ್ಟೆ ಊರಿ ಮಲಗಿದೆವು. ಮೊದಲ ದಿನ ಒಂದು ಮೊಸಳೆ ಬಂದು ನಮ್ಮನ್ನು ನೋಡಿ ಬೇಸರವಾಗಿ ಹೋಯಿತು. ಎರಡನೇ ದಿನ ನನ್ನ ಕಾಲಿನ ಮೇಲೆ ಇರುವೆಗಳು ಜಾತ್ರೆ ಮಾಡಿದವು, ಕೂಗುವಂತಿಲ್ಲ, ಹಲ್ಲು ಕಚ್ಚಿದೆ. ಮೇಡಂ ಗಡಿಯಾರ ನೋಡತೊಡಗಿದರು. ಅವರ ಮೇಲಿನವರು ಪಟ್ಟಿ ಮುಗಿಸಿ ಕಳಿಸಿ ಎಂದು ಫೋನಿನಲ್ಲಿ ಎರಡು ಸಲ ಕೇಳಿದ್ದರು. ದೊಡ್ಡವ್ವ ಮಾತ್ರ ಕಣ್ಣು ಮಿಟುಕಿಸದೆ ನೀರು ನೋಡುತ್ತಿದ್ದಳು. ಮೂರನೇ ದಿನ ಬಿಸಿಲು ಏರುವ ಹೊತ್ತಿಗೆ ಮಡುವಿನ ನಡುವೆ ಒಂದು ಸಣ್ಣ ಕೊಳವೆ ಮೇಲೆದ್ದಿತು. ಮೂಗು. ಆಮೇಲೆ ತಲೆ. ಆಮೇಲೆ ಮೂರೂವರೆ ಗೇಣಿನ ಇಡೀ ಮೈ ಮರಳಿಗೆ ಹತ್ತಿ, ಕೆಂಪು ಬಾವುಟದ ಪಕ್ಕಕ್ಕೇ ಬಂದು, ಹಿಂಗಾಲಿನಿಂದ ಗುಂಡಿ ತೋಡಲು ಶುರು ಮಾಡಿತು. ಮೇಡಂ ಕ್ಯಾಮೆರಾ ಎತ್ತಿದರು. ಬೆನ್ನಿನ ಮೇಲೆ ಮಾಸಿದ ಬಿಳಿ ಗೆರೆ ಇತ್ತು ಎಂದು ಹೇಳಬೇಕೆನಿಸುತ್ತದೆ. ಇರಲಿಲ್ಲ. ಬರೀ ಕೆಸರಿತ್ತು.

ಆಮೆ ನೀರಿಗೆ ಮರಳಿದ ಮೇಲೆ ಮೇಡಂ ಪುಸ್ತಕ ತೆಗೆದು ಬರೆದರು. ದೊಡ್ಡವ್ವ ಬರೆದದ್ದನ್ನು ಓದಿಸಿ ಕೇಳಿದಳು. ಇನ್ನೊಮ್ಮೆ ಓದಿಸಿದಳು. ಜಾಗದ ಹೆಸರಿನಲ್ಲಿ ಮಡುವೂ ಬಂದಿದೆಯೇ ಎಂದು ಖಾತ್ರಿ ಮಾಡಿಕೊಂಡೇ ಎದ್ದಳು.

ಬಾವುಟಗಳನ್ನು ಕಿತ್ತರು. ಕಾರ್ಖಾನೆ ಎಲ್ಲಿ ಬರುತ್ತದೋ, ಬರುತ್ತದೋ ಇಲ್ಲವೋ, ನಮಗೆ ಇನ್ನೂ ಗೊತ್ತಿಲ್ಲ. ಪ್ರತಿ ವರ್ಷ ಮೊಟ್ಟೆ ಇಡುವ ಕಾಲಕ್ಕೆ ಗೂಡು ಎಣಿಸಿ ಕಳಿಸಿದರೆ ಮಾತ್ರ ಪಟ್ಟಿಯಲ್ಲಿ ಹೆಸರು ಗಟ್ಟಿಯಾಗಿ ನಿಲ್ಲುತ್ತದೆ ಎಂದು ಮೇಡಂ ಹೇಳಿ ಹೋದರು. ದೊಡ್ಡವ್ವ ಎಣಿಸಿದಳು, ನಾನು ಬರೆದೆ. ಒಂದು ವರ್ಷವೂ ತಪ್ಪಲಿಲ್ಲ. ಬುಟ್ಟಿಯಲ್ಲಿ ಬೇರೆಯವರ ಮೀನು ಹೊತ್ತು ಮಾನ್ವಿ ಸಂತೆಗೆ ಹೋದಳು. ಬಲೆ ಬೀಸುವವರನ್ನು ನೋಡಿದಾಗ ಆಕೆಯ ಬಲಗೈ ತಾನಾಗಿ ಸ್ವಲ್ಪ ಮೇಲೇಳುತ್ತಿತ್ತು... ಒಮ್ಮೆಯೂ ಮುಟ್ಟಲಿಲ್ಲ.

ಹೋದ ಮಳೆಗಾಲದಲ್ಲಿ ಜ್ವರ ಬಂದು ನಾಲ್ಕೇ ದಿನಕ್ಕೆ ಹೋದಳು. ನಾನು ರಾಯಚೂರಿನ ಹಾಸ್ಟೆಲಿನಲ್ಲಿದ್ದೆ, ಪರೀಕ್ಷೆ ಇತ್ತು. ಸುದ್ದಿ ತಿಳಿಯುವಷ್ಟರಲ್ಲಿ ಮಣ್ಣೂ ಆಗಿತ್ತು. ಆಕೆಯ ಬಗ್ಗೆ ತಮಾಷೆಯಾಗಿ ಏನು ಹೇಳಿದರೂ ಸಾಲುತ್ತಿಲ್ಲ.

ಈ ಸಲ ಮರಳಿಗೆ ಒಬ್ಬಳೇ ಹೋದೆ. ಹಿಂದಿನ ವರ್ಷ ಇಬ್ಬರೂ ಎಣಿಸಿದಾಗ ಆರು ಗೂಡು ಇದ್ದವು. ದಿಬ್ಬವನ್ನು ಎರಡು ಸಲ ಮೊಣಕಾಲೂರಿ ಹುಡುಕಿದೆ, ಆರು ಸಿಗಲಿಲ್ಲ. ಇನ್ನೂ ಎರಡು ಬರೆದುಬಿಡು, ಯಾರು ನೋಡುತ್ತಾರೆ ಎಂದು ಮನಸ್ಸು ಹೇಳಿತು. ನಾಲ್ಕು ಎಂದು ಬರೆದೆ. ಸುತ್ತ ಮುಳ್ಳಿನ ಟೊಂಗೆ ನೆಟ್ಟೆ. ಪುಸ್ತಕ ಮುಚ್ಚಿ, ಮೊಟ್ಟೆ ಒಡೆಯುವ ತನಕ ರಜೆ ಬೇಕೆಂದು ಕಾಲೇಜಿಗೆ ಚೀಟಿ ಬರೆಯಲು ಕೂತೆ. ಕಾರಣದ ಜಾಗದಲ್ಲಿ, ಆಮೆಯ ಗೂಡು ಕಾಯಬೇಕು ಎಂದು ಇದ್ದದ್ದನ್ನೇ ಬರೆದಿದ್ದೇನೆ. ಯಾರೂ ನಂಬಲಿಕ್ಕಿಲ್ಲ.