ನೆವಿಲ್‌ನ ಕಪ್ಪು ಲೈಟರ್

ನನ್ನ ಅಣ್ಣ ನೆವಿಲ್ ಜೀವಮಾನದಲ್ಲಿ ಒಂದು ಸಿಗರೇಟು ಸೇದಿದವನಲ್ಲ. ಆದರೂ ಟೌನ್ಸ್‌ವಿಲ್ಲಿನ ಅವನ ಮನೆಯಲ್ಲಿ ಊಟದ ಮೇಜು, ಕಿಟಕಿಯ ಕಟ್ಟೆ, ಕೊನೆಗೆ ಬಟ್ಟೆಯ ಬೀರು ಕೂಡ ಸಿಗರೇಟು ಲೈಟರುಗಳಿಂದ ತುಂಬಿಹೋಗಿದ್ದವು. ಅಂಗಡಿಯ ಲೈಟರು ಅವನಿಗೆ ಬೇಡ, ಸಿಪಾಯಿಗಳ ಜೇಬಿನಲ್ಲಿ ಇದ್ದದ್ದೇ ಆಗಬೇಕು. ಮೊದಲ ಮಹಾಯುದ್ಧದ ಕಂದಕಗಳಲ್ಲಿ ಕೂತು ನಮ್ಮ ಹುಡುಗರು ಖಾಲಿ ತೋಟಾಗಳಿಂದ ಮಾಡಿಕೊಂಡ ಹಿತ್ತಾಳೆಯವು, ನ್ಯೂಗಿನಿಯ ಕಾಡಿನಿಂದ ಯಾರೋ ಹೆಕ್ಕಿ ತಂದ ಜಪಾನಿನವು, ಎರಡನೆಯ ಯುದ್ಧದಲ್ಲಿ ಇಲ್ಲಿ ಬೀಡುಬಿಟ್ಟಿದ್ದ ಅಮೆರಿಕದವರ ಕಪ್ಪು ಬಣ್ಣದವು. ಅವನ ಹೆಂಡತಿ ಮೆರ್ಲ್ ಕೆಲವು ವರ್ಷ ಸಹಿಸಿಕೊಂಡಳು. ಒಂದು ದಿನ, "ಈ ಮನೇಲಿ ಯಾರಾದ್ರೂ ಒಂದು ಕಡ್ಡಿ ಗೀರಿದ್ರೆ ಇಡೀ ಬೀದಿನೇ ಹಾರಿಹೋಗುತ್ತೆ" ಎಂದು ಹೇಳಿ ಕೇರ್ನ್ಸ್‌ನ ಅಕ್ಕನ ಮನೆಗೆ ಹೋದವಳು ತಿರುಗಿ ಬರಲಿಲ್ಲ.

ಅವನು ಶಾಲೆಯ ಬಸ್ಸು ಓಡಿಸುತ್ತಿದ್ದ. ಬೆಳಿಗ್ಗೆ ಮಕ್ಕಳನ್ನು ಬಿಟ್ಟು ಸಂಜೆ ಕರೆತರುವವರೆಗೆ ಅವನಿಗೆ ಬೇರೆ ಕೆಲಸವಿರಲಿಲ್ಲ. ಹಳೇ ಸಾಮಾನಿನ ಅಂಗಡಿಗಳು, ಸತ್ತವರ ಮನೆಯ ಹರಾಜುಗಳು, ಮಾಜಿ ಸೈನಿಕರ ಕ್ಲಬ್ಬು, ಎಲ್ಲ ಕಡೆಯೂ ನೆವಿಲ್. ಲೈಟರು ಕೈಗೆ ಬಂದರೆ ಮೊದಲು ಮುಚ್ಚಳದ ಕೀಲು ನೋಡುವನು, ಆಮೇಲೆ ಗಾಳಿ ತಡೆಯುವ ಗೂಡಿನ ತೂತುಗಳನ್ನು, ಕೊನೆಗೆ ಅದು ಯಾವ ಕಾಲದ್ದೆಂದು ತಿಳಿಸುವ, ತಳದಲ್ಲಿ ಒತ್ತಿದ ಸಂಖ್ಯೆಯನ್ನು. ಅವನ ಜೇಬಿನಲ್ಲಿ ಸದಾ ಒಂದು ಪುಟ್ಟ ಅಯಸ್ಕಾಂತ. ಯುದ್ಧ ಕಾಲದಲ್ಲಿ ಹಿತ್ತಾಳೆಯೆಲ್ಲ ಗುಂಡು ಮದ್ದಿಗೆ ಹೋಗುತ್ತಿದ್ದರಿಂದ ಅಮೆರಿಕದವರು ಲೈಟರನ್ನು ಉಕ್ಕಿನಲ್ಲಿ ಮಾಡಿ ಕಪ್ಪು ಬಣ್ಣ ಬಳಿದಿದ್ದರು. ಕಪ್ಪು ಲೈಟರಿಗೆ ಅಯಸ್ಕಾಂತ ಟಕ್ ಎಂದು ಅಂಟಿತೋ, ಮಾತು ಮುಂದುವರಿಯಿತು. ಅಂಟಲಿಲ್ಲವೋ, ತಂದವರು ಮನೆಗೆ ಹೋಗಬಹುದು.

ಆ ವಿಷಯದಲ್ಲಿ ಅವನಿಗೆ ದಯೆದಾಕ್ಷಿಣ್ಯ ಇರಲಿಲ್ಲ. ಪಾಪದ ಮಿಸೆಸ್ ಗಿಲ್ಲಿಸ್ ಒಂದು ಸಲ ತನ್ನ ಅಜ್ಜ ಮೊದಲ ಯುದ್ಧದಲ್ಲಿ ಗಲ್ಲಿಪೊಲಿಯ ರಣರಂಗದಿಂದ ತಂದದ್ದೆಂದು ರೇಷ್ಮೆ ಬಟ್ಟೆಯಲ್ಲಿ ಸುತ್ತಿದ ಲೈಟರು ತೋರಿಸಿದಳು. ನೆವಿಲ್ ಒಂದು ಸಲ ತಿರುಗಿಸಿ ನೋಡಿ, "ಇದು ಹುಟ್ಟೋ ಹೊತ್ತಿಗೆ ನಿಮ್ಮಜ್ಜ ಗಲ್ಲಿಪೊಲಿಯಿಂದ ಬಂದು ಎಷ್ಟೋ ವರ್ಷ ಆಗಿತ್ತಮ್ಮ. ಎಲ್ಲೋ ಕೊಂಡುಕೊಂಡು ಬಂದು ನಿಮ್ಮಜ್ಜಿಗೆ ಕಥೆ ಹೇಳಿದಾರೆ" ಎಂದುಬಿಟ್ಟ. ಆಕೆ ಅಳುತ್ತ ಹೋದಳು. ನಾನು ಅಲ್ಲೇ ಇದ್ದೆ, ನನಗೆ ಮೈಯೆಲ್ಲ ಉರಿಯಿತು.

"ಸುಳ್ಳು ಹೇಳಿದ್ರೆ ನಿನ್ನ ಗಂಟೇನಾದ್ರೂ ಹೋಗ್ತಿತ್ತೇನೋ?" ಎಂದು ಕೇಳಿದೆ.

"ಜನ ಸುಳ್ಳು ಹೇಳ್ತಾರೆ ಬೆವ್, ಲೋಹ ಹೇಳಲ್ಲ. ನಾನೇನ್ ಮಾಡ್ಲಿ?" ಎಂದ ಮಹಾನುಭಾವ.

ಅಂಥವನು ಅಯಸ್ಕಾಂತ ಹಿಡಿಯದ ಲೈಟರು ಒಂದೇ ಒಂದಿತ್ತು. ಅದು ಅವನ ಅಪ್ಪನದು.

ನೆವಿಲ್‌ಗೂ ನನಗೂ ತಾಯಿ ಒಬ್ಬಳೇ, ಥೆಲ್ಮಾ. ಅವನು ಹುಟ್ಟಿದ್ದು ಸಾವಿರದ ಒಂಬೈನೂರ ನಲವತ್ತಮೂರರಲ್ಲಿ. ಊರಿನಲ್ಲಿ ನಮ್ಮವರಿಗಿಂತ ಅಮೆರಿಕದ ಸಿಪಾಯಿಗಳೇ ಹೆಚ್ಚಾಗಿದ್ದ ಕಾಲ. ಅವನ ಅಪ್ಪ ಅವರಲ್ಲೊಬ್ಬ. ವಿಮಾನ ಹತ್ತಿ ಉತ್ತರಕ್ಕೆ ಹೋದವನು ಬದುಕಿದನೋ ಸತ್ತನೋ ಯಾರಿಗೂ ಗೊತ್ತಿಲ್ಲ. ಯುದ್ಧ ಮುಗಿದ ಮೇಲೆ ಅಮ್ಮ ರೈಲ್ವೆ ವರ್ಕ್‌ಶಾಪಿನ ಫಿಟ್ಟರ್ ಕ್ಲಾರಿ ಪೆನ್ಹಾಲೋನನ್ನು ಮದುವೆಯಾದಳು. ಆಮೇಲೆ ಅವನಿಗೆ ತಂಗಿಯಾಗಿ ನಾನು ಹುಟ್ಟಿದೆ. ಕ್ಲಾರಿ ಮಾತು ಕಡಿಮೆಯ ಮನುಷ್ಯ. ಊಟಕ್ಕೆ ಕೂತರೆ ಉಪ್ಪು ಬೇಕಾದರೂ ಕೈ ತೋರಿಸುವನೇ ಹೊರತು ಬಾಯಿ ಬಿಡುತ್ತಿರಲಿಲ್ಲ. ನೆವಿಲ್ ಅವನನ್ನು ಎಂದೂ ಅಪ್ಪ ಎನ್ನಲಿಲ್ಲ. ಚಿಕ್ಕಂದಿನಿಂದ ಕ್ಲಾರಿ ಎಂದೇ ಕರೆದ, ಅದೂ ಬಾಡಿಗೆಗೆ ಇದ್ದವನನ್ನು ಕರೆದ ಹಾಗೆ.

ಶಾಲೆಯಲ್ಲಿ ಅವನನ್ನು 'ಯಾಂಕಿ ಬಿಟ್ಟುಹೋದ ಸಾಮಾನು' ಎಂದು ಹುಡುಗರು ರೇಗಿಸುತ್ತಿದ್ದರಂತೆ. ಅವನಿಗೆ ಹತ್ತು ತುಂಬಿದ ವರ್ಷ ಮೂಗಿನಿಂದ ರಕ್ತ ಸುರಿಸಿಕೊಂಡು ಮನೆಗೆ ಬಂದು, ನನ್ನಪ್ಪ ನನಗೆ ಅಂತ ಏನೂ ಬಿಟ್ಟುಹೋಗಲಿಲ್ವಾ ಎಂದು ರಂಪ ಮಾಡಿದ. ಸ್ವಲ್ಪ ದಿನವಾದ ಮೇಲೆ ಅಮ್ಮ ಅವನ ಕೈಗೆ ಆ ಲೈಟರು ಕೊಟ್ಟಳು. ಕಪ್ಪು ಬಣ್ಣ, ಮುಂದುಗಡೆ ವಾಯುಪಡೆಯ ಗುರುತಾದ ಒಂದು ಜೊತೆ ರೆಕ್ಕೆ ಮತ್ತು 'ಎಚ್' ಎಂಬ ಅಕ್ಷರ ಕೊರೆದಿತ್ತು. ತಳಕ್ಕೆ ಎರಡು ಶಿಲ್ಲಿಂಗಿನ ಬೆಳ್ಳಿ ನಾಣ್ಯವೊಂದನ್ನು ಎರಡು ಬದಿ ಅರೆದು ಬೆಸೆದಿತ್ತು. ಸಿಪಾಯಿಗಳು ನೆನಪಿಗೆಂದು ಹಾಗೆ ನಾಣ್ಯ ಬೆಸೆಸಿಕೊಳ್ಳುವುದು ಇತ್ತು. ನಾಣ್ಯ ಅವನು ಹುಟ್ಟಿದ ವರ್ಷದ್ದೇ. ಯುದ್ಧದ ಕಾಲದಲ್ಲಿ ನಮ್ಮ ಕೆಲವು ನಾಣ್ಯಗಳನ್ನು ಅಮೆರಿಕದಲ್ಲಿ ಅಚ್ಚು ಹಾಕಿಸುತ್ತಿದ್ದರು, ಇದೂ ಅಂಥದ್ದು. "ಅರ್ಧ ಇಲ್ಲಿಯದು ಅರ್ಧ ಅಲ್ಲಿಯದು, ನನ್ನ ಹಾಗೇ" ಎಂದು ಅವನು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದ.

ಅವನ ಸಂಗ್ರಹ, ಅವನ ವಿದ್ಯೆ ಎಲ್ಲವೂ ಶುರುವಾದದ್ದು ಅಲ್ಲಿಂದ. ಯಾವ ದಳದವರು ಯಾವ ರೆಕ್ಕೆ ಕೊರೆಸುತ್ತಿದ್ದರು, ಯಾರು ಯಾವಾಗ ಇಲ್ಲಿಂದ ಹೊರಟರು, ಎಲ್ಲವನ್ನೂ ಹುಡುಕಿದ. ಲೈಟರಿನ ಮೂಲೆಗಳಲ್ಲಿ ಬಣ್ಣ ಸವೆದು ಒಳಗಿನ ಹಳದಿ ಇಣುಕುತ್ತಿತ್ತು. ಕ್ಲಬ್ಬಿನ ಮುದುಕರು ಅದನ್ನು ತೋರಿಸಿ, "ನೆವ್, ನಿನ್ನ ಅಯಸ್ಕಾಂತ ಇದಕ್ಕೂ ಹಿಡಿ ನೋಡಣ. ಆ ನಾಣ್ಯ ಎಬ್ಬಿಸಿ ತಳದ ನಂಬರೂ ನೋಡು" ಎಂದು ಕೆಣಕಿದರೆ, "ಮೊದಮೊದಲಿನ ಕೆಲವು ಹಿತ್ತಾಳೆಯವೇ ಇದ್ವು ಕಣ್ರೀ. ಆ ಬೆಸುಗೆ ನನ್ನಪ್ಪನ ಕೈಯದು, ಮುಟ್ಟಿದೋರ ಕೈ ಮುರೀತೀನಿ" ಎನ್ನುವನು. ಅವನ ಕಣ್ಣು ನೋಡಿ ಅವರು ಸುಮ್ಮನಾಗುತ್ತಿದ್ದರು.

ಅಮ್ಮ ಸಾಯುವವರೆಗೂ ಅವನ ಅಪ್ಪನ ಹೆಸರು ಹೇಳಲಿಲ್ಲ. ಆಮೇಲೆ ತೊಂಬತ್ತೆರಡರ ಮೇ ತಿಂಗಳು ಬಂತು. ಕೋರಲ್ ಸಮುದ್ರದ ಕದನಕ್ಕೆ ಐವತ್ತು ವರ್ಷ ತುಂಬಿತೆಂದು ಅಮೆರಿಕದ ಹಳೇ ಸಿಪಾಯಿಗಳು ಊರಿಗೆ ಬರುವವರಿದ್ದರು. ನೆವಿಲ್ ಊಟ ನಿದ್ದೆ ಬಿಟ್ಟ. ಕ್ಲಬ್ಬಿನ ಸಭಾಂಗಣದಲ್ಲಿ ತನ್ನ ಸಂಗ್ರಹ ಜೋಡಿಸಲು ಒಂದು ಉದ್ದನೆಯ ಮೇಜು ಕೇಳಿಕೊಂಡ. ನಡುವೆ ಹಸಿರು ಬಟ್ಟೆಯ ಮೇಲೆ ಆ ಕಪ್ಪು ಲೈಟರು.

"ಅವರೆಲ್ಲ ಎಪ್ಪತ್ತು ದಾಟಿದೋರು ಬೆವ್. ಮತ್ತೆ ಬರಲ್ಲ. ಇದನ್ನ ನೋಡಿ ಇದು ಇಂಥೋನದು ಅಂತ ಒಬ್ಬನಾದ್ರೂ ಹೇಳ್ಬೇಕು. ಹೆಸರು ಸಿಕ್ಕಿದ್ರೆ ಸಾಕು ನಂಗೆ" ಎಂದ. ನಲವತ್ತೊಂಬತ್ತರ ಗಂಡಸು ಆ ಲೈಟರನ್ನು ಅಂಗಿಯ ತೋಳಿನಿಂದ ಮತ್ತೆ ಮತ್ತೆ ಒರೆಸುತ್ತಿದ್ದ. ನನಗೆ ಅವನ ಮೇಲಿದ್ದ ಸಿಟ್ಟೆಲ್ಲ ಇಳಿದುಹೋಯಿತು.

ಆವತ್ತು ಕ್ಲಾರಿಯನ್ನೂ ಕರೆದುಕೊಂಡು ಹೋದೆವು. ಎಂಬತ್ತರ ಮುದುಕನನ್ನು ಮನೆಯಲ್ಲಿ ಒಬ್ಬನನ್ನೇ ಬಿಡುವ ಹಾಗಿರಲಿಲ್ಲ. ಚಹಾದ ಹಂಡೆಯ ಪಕ್ಕ ಕುರ್ಚಿ ಹಾಕಿ ಕೂರಿಸಿ, ಕೈಗೆ ತಟ್ಟೆಯಲ್ಲಿ ಒಂದು ಲ್ಯಾಮಿಂಗ್ಟನ್ ಕೇಕು ಕೊಟ್ಟೆ. ಅವನು ಅಂಗಿಯ ಮೇಲೆ ಕೇಕಿನ ತೆಂಗಿನ ತುರಿ ಉದುರಿಸಿಕೊಳ್ಳುತ್ತ ನೋಡುತ್ತಿದ್ದ.

ಅಮೆರಿಕದವರು ಒಬ್ಬೊಬ್ಬರೇ ಬಂದರು, ನೋಡಿದರು, ನೆವಿಲ್‌ನ ಬೆನ್ನು ತಟ್ಟಿ ಹೋದರು. ಮಧ್ಯಾಹ್ನದ ಹೊತ್ತಿಗೆ ಅವನ ಮುಖ ಬಾಡಿಹೋಗಿತ್ತು. ಅಷ್ಟರಲ್ಲಿ ಕೋಲೂರಿಕೊಂಡು ಒಬ್ಬ ಸಣಕಲ ಮುದುಕ ಬಂದ. ಹಾರ್ಲನ್ ಮೀಕರ್ ಎಂದು ಎದೆಯ ಮೇಲೆ ಚೀಟಿ ಅಂಟಿಸಿಕೊಂಡಿದ್ದ. ಕಪ್ಪು ಲೈಟರು ಎತ್ತಿಕೊಂಡವನು ಕೆಳಗಿಡಲೇ ಇಲ್ಲ.

"ನಂದು ಹೀಗೇ ಇತ್ತು. ರೆಕ್ಕೆ, ನನ್ನ ಅಕ್ಷರ... ಗಾರ್ಬಟ್ ವಿಮಾನ ಮೈದಾನದಲ್ಲಿ ಇಂಜಿನ್ ರಿಪೇರಿ ಮಾಡ್ತಿದ್ದೆ. ಹೊರಡೋವಾಗ ಇಲ್ಲೇ ಒಂದು ಹುಡುಗಿಗೆ ಕೊಟ್ಟೆ."

ನೆವಿಲ್ ಮೇಜು ಹಿಡಿದುಕೊಂಡ. "ಯಾವ ಹುಡುಗಿ? ಚಹಾ ಅಂಗಡೀಲಿ ಕೆಲಸ ಮಾಡ್ತಿದ್ಲಾ? ಥೆಲ್ಮಾ ಅಂತನಾ?"

ಮಾರುವವನ ಬಾಯಿಗೆ ನೀವೇ ಹೆಸರು ತುರುಕಬೇಡಿ, ಅವನೇ ಹೇಳಲಿ ಎಂದು ಕ್ಲಬ್ಬಿನಲ್ಲಿ ಎಲ್ಲರಿಗೂ ಪಾಠ ಹೇಳುತ್ತಿದ್ದವನು ಇವನೇ!

ಮುದುಕ ಕಣ್ಣು ಮುಚ್ಚಿಕೊಂಡು ಯೋಚಿಸಿದ. "ಥೆಲ್ಮಾ... ಹ್ಞೂಂ, ಥೆಲ್ಮಾನೇ ಇರಬೇಕು. ಯಾಕಪ್ಪಾ?"

"ನಾನು ಅವಳ ಮಗ. ನಲವತ್ತಮೂರರಲ್ಲಿ ಹುಟ್ಟಿದ್ದು."

ಹಾರ್ಲನ್ ಅವನ ಮುಖವನ್ನೇ ನೋಡಿದ. "ನಂಗೆ ಮಕ್ಕಳಿಲ್ಲ. ಹೆಂಡತಿ ಹೋಗಿ ಆರು ವರ್ಷ ಆಯ್ತು. ನಂಗ್ಯಾರೂ ಇಲ್ಲ ಅಂದ್ಕೊಂಡಿದ್ದೆ ಕಣೋ" ಎಂದವನು ಕೋಲು ಬಿಟ್ಟು ನೆವಿಲ್‌ನ ಹೆಗಲಿಗೆ ಒರಗಿದ. ಜನ ಚಪ್ಪಾಳೆ ತಟ್ಟಿದರು. ಯಾರೋ ಫೋಟೋ ತೆಗೆದರು. ನನ್ನ ಅಣ್ಣ ಆ ಅಪರಿಚಿತನನ್ನು ಅಪ್ಪಿಕೊಂಡು, "ಅಪ್ಪಾ, ಅಪ್ಪಾ" ಎನ್ನುತ್ತಿದ್ದ. ಯಾರನ್ನಾದರೂ ಅವನು ಹಾಗೆ ಕರೆದದ್ದನ್ನು ನಾನು ಕೇಳಿದ್ದು ಅದೇ ಮೊದಲು. ನಾನು ತಿರುಗಿ ಕ್ಲಾರಿಯನ್ನು ನೋಡಿದೆ. ಅವನು ತಲೆ ತಗ್ಗಿಸಿ ತಟ್ಟೆಯಲ್ಲಿದ್ದ ತುರಿಯನ್ನು ಬೆರಳಿನಿಂದ ಒಟ್ಟುಗೂಡಿಸುತ್ತಿದ್ದ.

ಎಷ್ಟೋ ಹೊತ್ತಿನ ಮೇಲೆ ಹಾರ್ಲನ್ ಕಣ್ಣೊರೆಸಿಕೊಂಡು ಕೇಳಿದ, "ಇದನ್ನ ನಾನು ಊರಿಗೆ ತಗೊಂಡು ಹೋಗ್ಲಾ? ನನ್ನ ಮಣ್ಣು ಮಾಡೋವಾಗ ಜೇಬಲ್ಲಿರ್ಲಿ."

"ನಿಮ್ದೇ ಅಲ್ವಾ, ನನ್ನ ಕೇಳೋದೇನು?" ಎಂದ ನೆವಿಲ್. ಹಾರ್ಲನ್ ಲೈಟರನ್ನು ಕೋಟಿನ ಒಳಜೇಬಿಗೆ ಹಾಕಿಕೊಂಡ.

ಆಗ ಕ್ಲಾರಿ ಎದ್ದು ನಿಂತ. "ನೆವ್, ಅದನ್ನ ವಾಪಸ್ ಇಸ್ಕೋ."

"ಏನಂದೆ?"

"ಅದು ಅವರದಲ್ಲ. ಬಂದರಲ್ಲಿ ಒಬ್ಬ ನಾವಿಕನ ಹತ್ರ ನಾನು ಕೊಂಡಿದ್ದು. ನಿಂಗಾಗ ಹತ್ತು ವರ್ಷ. ಒಲೆಗೆ ಬಳಿಯೋ ಬಣ್ಣ ಬಳ್ದು, ರೆಕ್ಕೆ ಕೊರ್ದು, ನಾಣ್ಯ ಬೆಸೆದೋನು ನಾನು. ವರ್ಕ್‌ಶಾಪಲ್ಲಿ."

ನೆವಿಲ್‌ನ ಮುಖ ಕೆಂಡವಾಯಿತು. "ಹೊಟ್ಟೆಕಿಚ್ಚು ಕಣೋ ನಿಂಗೆ! ನನ್ನಪ್ಪ ಸಿಕ್ಕಿದ ದಿವ್ಸಾನೂ ನಿನ್ನ ಕೈಲಿ ನೋಡಕ್ಕಾಗಲ್ಲ ಅಲ್ವಾ?"

ಕ್ಲಾರಿ ದನಿ ಏರಿಸಲಿಲ್ಲ. "ನಿನ್ನ ಜೇಬಲ್ಲಿ ಅಯಸ್ಕಾಂತ ಇದೆಯಲ್ಲ. ಹಿಡಿ."

ಹಾರ್ಲನ್ ಗಾಬರಿಯಿಂದ ಲೈಟರು ಹೊರತೆಗೆದು ಮೇಜಿನ ಮೇಲಿಟ್ಟ. ಎಲ್ಲರೂ ನೋಡುತ್ತಿದ್ದರು. ನೆವಿಲ್ ಹಿಡಿದ. ಅಂಟಲಿಲ್ಲ. ಇನ್ನೊಂದು ಕಡೆ ಹಿಡಿದ. ಅಂಟಲಿಲ್ಲ. "ಮೊದಲಿನವು ಹಿತ್ತಾಳೆಯವು" ಎಂದ, ಪಕ್ಕದಲ್ಲಿದ್ದ ನನಗಷ್ಟೇ ಕೇಳಿಸುವಷ್ಟು ಮೆಲ್ಲಗೆ. ಆಮೇಲೆ ತಾನೇ ಚಾಕು ತೆಗೆದು ನಾಣ್ಯದ ಅಂಚಿಗೆ ಒತ್ತಿದ. ಅಷ್ಟು ವರ್ಷ ಕಾಪಾಡಿಕೊಂಡು ಬಂದ ಬೆಸುಗೆ ಒಂದೇ ಮೀಟಿಗೆ ಬಿಟ್ಟುಕೊಂಡಿತು. ಕೆಳಗೆ ಸಂಖ್ಯೆ ಹೊಸದರ ಹಾಗೆ ಹೊಳೆಯುತ್ತಿತ್ತು. ಯುದ್ಧ ಮುಗಿದು ಎಷ್ಟೋ ವರ್ಷದ ಮೇಲೆ ಬಂದ ಸಂಖ್ಯೆ ಅದು ಎಂಬುದು ಆ ಸಭಾಂಗಣದಲ್ಲಿ ಅವನಷ್ಟು ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ.

ಹಾರ್ಲನ್ ಕುರ್ಚಿಯಲ್ಲಿ ಕುಸಿದ. "ಆಗ ಎಲ್ರ ಹತ್ರಾನೂ ಇಂಥದ್ದೇ ಇರೋದು... ನಿಜ ಹೇಳ್ತೀನಪ್ಪಾ, ಆ ಹುಡುಗಿ ಹೆಸರು ನಂಗೆ ನೆನಪಿಲ್ಲ. ನೀನು ಹೇಳ್ದೆ, ನಾನು ಹೌದು ಅಂದೆ. ಕ್ಷಮಿಸಪ್ಪಾ." ನಾನು ಅವನಿಗೆ ಚಹಾ ತಂದುಕೊಟ್ಟೆ. ಯಾರನ್ನು ಬೈಯಬೇಕೆಂದೇ ನನಗೆ ತಿಳಿಯಲಿಲ್ಲ.

ಮೇಜು ತೆರವು ಮಾಡಿ ಕಾರು ಹತ್ತಿದೆವು. ನೆವಿಲ್ ಓಡಿಸುತ್ತಿದ್ದ, ಪಕ್ಕದಲ್ಲಿ ಕ್ಲಾರಿ, ಹಿಂದೆ ಡಬ್ಬಗಳ ನಡುವೆ ನಾನು. ನನಗೆ ಹೊಟ್ಟೆಕಿಚ್ಚಾಗಿತ್ತು, ಹೇಳಿಬಿಡುತ್ತೇನೆ. ನಾನು ಕ್ಲಾರಿಯ ಸ್ವಂತ ಮಗಳು. ಅವನು ನನಗೆಂದು ಒಂದು ಗೊಂಬೆಯ ಕುರ್ಚಿಯನ್ನೂ ಮಾಡಿಕೊಟ್ಟವನಲ್ಲ. ತನ್ನನ್ನು ಹುಲ್ಲುಕಡ್ಡಿಗೆ ಸಮ ಮಾಡಿ ನೋಡಿದ ಈ ಹುಡುಗನಿಗೆ ಒಬ್ಬ ಅಪ್ಪನನ್ನೇ ಮಾಡಿಕೊಟ್ಟಿದ್ದ.

ಅರ್ಧ ದಾರಿಯಲ್ಲಿ ನೆವಿಲ್ ಕೇಳಿದ, "ಆ ಎಚ್ ಯಾರದು?"

"ನಿಮ್ಮಮ್ಮ ಒಂದು ಸಲ ಹ್ಯಾಂಕ್ ಅಂದಿದ್ಲು. ಮುಂದೆ ನಾನು ಕೇಳ್ಲಿಲ್ಲ."

"ನಾಣ್ಯ? ಅಮೆರಿಕದಲ್ಲಿ ಅಚ್ಚಾಗಿದ್ದೇ ಹುಡುಕಿ ಹಾಕಿದ್ಯಾ?"

"ಇಲ್ಲಪ್ಪ. ಸಂಬಳದಲ್ಲಿ ಬಂದಿತ್ತು. ನೀನು ಹುಟ್ಟಿದ ವರ್ಷದ್ದು ಅಂತ ಇಟ್ಕೊಂಡಿದ್ದೆ."

ನೆವಿಲ್ ರಸ್ತೆ ಪಕ್ಕ ಗಾಡಿ ನಿಲ್ಲಿಸಿದ. "ಇಷ್ಟು ವರ್ಷ ಬಾಯಿ ಮುಚ್ಕೊಂಡಿದ್ದೋನು ಇವತ್ತೊಂದಿನ ಸುಮ್ನಿದ್ರೆ ಏನಾಗ್ತಿತ್ತು? ಒಂದು ಗಳಿಗೆ ನಂಗೂ ಅಪ್ಪ ಇದ್ದ. ಅದನ್ನೂ ಕಿತ್ಕೊಂಡ್ಯಲ್ಲೋ! ಯಾಕೆ?"

ಕ್ಲಾರಿ ಹೇಳಿದ, "ಸುಮ್ನೇ ಇದ್ನಲ್ಲ ನೆವ್. ಅಪ್ಪ ಅಂತ ಅವರನ್ನೇ ಕರೀಲಿ ಅಂತ ಕೂತಿದ್ದೆ. ಆ ಮಾತು ನಂಗೆ ಯಾವತ್ತೂ ಸಿಗ್ಲಿಲ್ಲ, ಸಿಗದಿದ್ರೂ ನಡೀತು. ಆದ್ರೆ ಅವರು ಆ ಲೈಟರನ್ನ ಜೇಬಿಗೆ ಹಾಕ್ಕೊಂಡ್ರು. ಅದು ನಾನು ನಿಂಗೆ ಅಂತ ಮಾಡಿದ್ದು."

ನೆವಿಲ್ ಸ್ಟೀರಿಂಗಿನ ಮೇಲೆ ತಲೆಯಿಟ್ಟು ಅತ್ತ. ಕ್ಲಾರಿ ಅವನ ಬೆನ್ನು ಸವರಲು ಕೈ ಎತ್ತಿದ. ಹಾಗೆ ಮಾಡಿ ಅಭ್ಯಾಸವಿರಲಿಲ್ಲ, ಮತ್ತೆ ತೊಡೆಯ ಮೇಲೆ ಇಟ್ಟುಕೊಂಡ. ನಾನು ಹಿಂದಿನಿಂದ ಬಗ್ಗಿ, ನಮ್ಮಪ್ಪನ ಆ ಕೈ ಹಿಡಿದು ಅಣ್ಣನ ಬೆನ್ನಿನ ಮೇಲಿಟ್ಟೆ.