ಐವನ್‌ನನ್ನು ವಿಮಾನ ಹತ್ತಿಸಿದ ದಿನ

ಕೊರೊನಾ ಮುಗಿದ ಮರುವರ್ಷ. ಅಬುಧಾಬಿಯ ಸೆಕ್ಯುರಿಟಿ ಕಂಪನಿಯೊಂದರಲ್ಲಿ ನಾನು ವ್ಯಾನ್ ಡ್ರೈವರ್. ಓದಿದ್ದು ನಾಲ್ಕನೇ ಕ್ಲಾಸು. ತಪ್ಪಿದ್ದರೆ ತಿದ್ದಿಕೊಂಡು ಓದಿ. ವೀಸಾ ಕ್ಯಾನ್ಸಲ್ ಆದ ಗಾರ್ಡುಗಳನ್ನು ಏರ್‌ಪೋರ್ಟಿಗೆ ಬಿಡುವುದು ನನ್ನ ಪಾಲಿನ ಕೆಲಸ. ಅವರ ಪಾಸ್‌ಪೋರ್ಟ್ ನನ್ನ ಕಿಸೆಯಲ್ಲಿ. ಬಾಗಿಲಲ್ಲಿ ಕೈಗೆ ಕೊಟ್ಟು, ವಿಮಾನ ಎದ್ದ ಮೇಲೆ ‘ಹೋದ’ ಎಂದು ಆಫೀಸಿಗೆ ಮೆಸೇಜು ಹಾಕಬೇಕು.

ಆ ಬೆಳಿಗ್ಗೆ, ಒಂದೂವರೆ ಗಂಟೆ ದಾರಿಯ ಅಲ್ ಐನ್ ಊರಿನಿಂದ ಅಳಿಯನ ಫೋನು: ಮಗಳು ಹೆತ್ತಳು, ಹೆಣ್ಣು ಮಗು, ಮೂರು ಕಿಲೋ ಇನ್ನೂರು ಗ್ರಾಂ! ಅಯ್ಯೋ, ನನ್ನ ಕಾಲು ನೆಲದ ಮೇಲಿರಲಿಲ್ಲ. ಈಗ ಆ ಮೊಮ್ಮಗಳು ಕೆಜಿಗೆ ಹೋಗುತ್ತಾಳೆ, ನನಗೆ ಇಂಗ್ಲಿಷಿನಲ್ಲೇ ಬೈಯುತ್ತಾಳೆ! ಸಿಕ್ಕವರಿಗೆಲ್ಲ ಲಡ್ಡು ಹಂಚಿದೆ. ವ್ಯಾನಿನಲ್ಲಿದ್ದವನು ಒಬ್ಬನೇ, ಉಗಾಂಡಾದ ಗಾರ್ಡು ಐವನ್. ಅವನಿಗೆ ಎರಡು ಕೊಟ್ಟೆ.

“ಮುಬಾರಕ್, ಬಾಬಾ! ತಲೆ ನಿಮ್ಮ ಹಾಗೇ ಬೋಳಾ?”

“ನಿನಗೂ ಮುಬಾರಕ್! ನಾಳೆ ಅಮ್ಮನ ಕೈಯೂಟ.”

ಅವನ ನಗು ನಿಂತಿತು. ಆಮೇಲೆ ಅರ್ಧ ಹಿಂದಿ, ಅರ್ಧ ಇಂಗ್ಲಿಷಿನಲ್ಲಿ ಹೇಳಿದ. ಅವನು ಪ್ರೀತಿಸಿದ್ದು ಒಬ್ಬ ಗಂಡಸನ್ನು. ಇಬ್ಬರ ಫೋಟೋವನ್ನು ರೂಮಿನವನೊಬ್ಬ ಆಫೀಸಿಗೆ ತೋರಿಸಿದ್ದ, ಊರಿನ ಅಣ್ಣಂದಿರಿಗೂ ಕಳಿಸಿದ್ದ. ಗಲಾಟೆ ಬೇಡವೆಂದು ಕಂಪನಿ ವೀಸಾ ಕಿತ್ತಿತು. ಅವನ ದೇಶದಲ್ಲಿ ಅದಕ್ಕೆ ಜೈಲು. ಅಣ್ಣಂದಿರು ಜೈಲಿನವರೆಗೂ ಬಿಡುವವರಲ್ಲ, ಏರ್‌ಪೋರ್ಟಿಗೇ ಬರುತ್ತಾರಂತೆ. ಇಲ್ಲಿಯೂ ಬಾಯಿಬಿಟ್ಟು ಆಶ್ರಯ ಕೇಳುವ ಜಾಗವಿಲ್ಲ.

“ಟಿಕೇಟು ಪಕ್ಕದ ದೇಶಕ್ಕೆ, ನೈರೋಬಿಗೆ ಮಾಡಿಸಿ, ಬಾಬಾ. ಅಲ್ಲಿ ಇಳಿದು ಆಶ್ರಯಕ್ಕೆ ಅರ್ಜಿ ಕೊಡುತ್ತೇನೆ. ಊರಿಗೆ ಮಾತ್ರ ಬೇಡ.”

ನನಗೆ ಇದೆಲ್ಲ ಹೊಸದು. ಆದರೆ ಎಸಿ ಹಾಕಿದ ವ್ಯಾನಿನಲ್ಲಿ ಅವನು ಬೆವರುತ್ತಿದ್ದ. ಗಾಡಿ ಬದಿಗೆ ನಿಲ್ಲಿಸಿ, ಆಫೀಸಿನಲ್ಲಿ ಟಿಕೇಟು ನೋಡಿಕೊಳ್ಳುವ ಪುತ್ತೂರಿನ ಸದಾನಂದನಿಗೆ ಫೋನು ಮಾಡಿದೆ.

“ಶೀನಣ್ಣ, ಪುಳ್ಳಿ ಹುಟ್ಟಿದ ಖುಷಿಗೆ ಮಂಡೆ ತಿರುಗಿತಾ? ಅವರವರ ದೇಶಕ್ಕೇ ಟಿಕೇಟು. ಖಲಾಸ್.”

“ಮಾರಾಯ, ಕೊಲ್ತಾರಂತೆ ಅವನನ್ನು!”

“ಅವ ಹೋಗದಿದ್ರೆ ನಿಮ್ಮ ವೀಸಾವೂ ಹೋಗ್ತದೆ. ಮಗುವಿನ ಮುಖ ನೋಡ್ಲಿಕ್ಕಿಲ್ವಾ ನಿಮಗೆ?”

ನೋಡಬೇಕಿತ್ತು. ಅದೇ ನಿಜ. ಆದರೂ ಏರ್‌ಪೋರ್ಟಿನ ಕೌಂಟರಿನಲ್ಲಿ ಟಿಕೇಟು ಬದಲಿಸಲಾದೀತೇ ಎಂದು ಕೇಳಿದೆ. ಅದನ್ನು ತೆಗೆದ ಆಫೀಸಿನವರೇ ಬದಲಿಸಬೇಕು ಎಂದರು. ಪಾಸ್‌ಪೋರ್ಟನ್ನು ಅವನ ಕೈಗಿಟ್ಟೆ. ಅವನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. “ಮಗುವಿಗೆ ಒಳ್ಳೆಯ ಹೆಸರಿಡಿ” ಎಂದು ಹೇಳಿ ಒಳಗೆ ಹೋದ.

ವಿಮಾನ ಎದ್ದಿತು. ಮೆಸೇಜು ಹಾಕಿದೆ. ಸದಾನಂದ ಹೆಬ್ಬೆರಳಿನ ಚಿತ್ರ ಕಳಿಸಿದ. ಐವನ್‌ಗೆ ಏನಾಯಿತೋ, ಇಂದಿಗೂ ಗೊತ್ತಿಲ್ಲ.

ಆಮೇಲೆ ನಿವೃತ್ತನಾಗುವವರೆಗೂ, ಯಾರ ವೀಸಾ ಕ್ಯಾನ್ಸಲಿಗೆ ಹೋಗಿದೆ ಎಂದು ಗೊತ್ತಾದ ಕೂಡಲೇ ಅವರ ರೂಮಿಗೇ ಹೋಗಿ ಕೇಳುತ್ತಿದ್ದೆ: “ಊರಲ್ಲಿ ನಿನ್ನನ್ನು ಕರಕೊಂಡು ಹೋಗ್ಲಿಕ್ಕೆ ಯಾರು ಬರ್ತಾರೆ?” ಈ ಕೆಲಸ ನನಗೆ ಕಲಿಸಿದ್ದು ಇಷ್ಟೇ. ಈ ಮಾತನ್ನು ಟಿಕೇಟು ತೆಗೆಯುವ ಮೊದಲು ಕೇಳಬೇಕು. ವ್ಯಾನಿನಲ್ಲಿ ಕೇಳಿದರೆ, ಕೇಳಿದವನ ಕೈಯಲ್ಲಿ ಸ್ಟಿಯರಿಂಗು ಮಾತ್ರ ಇರುತ್ತದೆ.