ಪೂಜೆಗೆ ಹಾಕಿದ ಸ್ವಿಚ್ಚು

ಮೊನ್ನೆ ಗುಜರಿಗೆ ಹಾಕಲೆಂದು ಲ್ಯಾಬಿನ ಹಳೇ ಕಂಪ್ಯೂಟರೊಂದರ ಡಬ್ಬ ಬಿಚ್ಚಿದೆ. ಧೂಳಿನ ಜೊತೆ ಒಣಗಿದ ಚೆಂಡುಹೂವಿನ ಎಸಳುಗಳು ಉದುರಿದವು. ಮುಂಭಾಗದಲ್ಲಿ ಕುಂಕುಮದ ಕಲೆ. ಅದನ್ನು ಇಟ್ಟ ಬೆರಳು ಯಾರದೆಂದು ನನಗೆ ಗೊತ್ತು...

ದೇವನಹಳ್ಳಿ ಹತ್ತಿರದ ನಮ್ಮ ಕಾಲೇಜಿನಲ್ಲಿ ಅವರು ಲ್ಯಾಬ್ ಅಟೆಂಡರ್, ನಾನು ಆಗಷ್ಟೇ ಸೇರಿದ ಇನ್‌ಚಾರ್ಜ್. ವಯಸ್ಸಿನಲ್ಲಿ ನನ್ನ ಅಪ್ಪನಷ್ಟು ದೊಡ್ಡವರು. ನಾನು ಯಜಮಾನ್ರೇ ಅನ್ನುತ್ತಿದ್ದೆ. ಮೇಲೊಂದು ಕೆಳಗೊಂದು ಲ್ಯಾಬಿನ ಅರವತ್ತು ಕಂಪ್ಯೂಟರಿಗೂ ಒಂದೊಂದಾಗಿ ಸೀಡಿ ಹಾಕಿ ಆಪರೇಟಿಂಗ್ ಸಿಸ್ಟಮ್ ತುಂಬುವುದು ಅವರ ಕೆಲಸ. ವಾರಗಟ್ಟಲೆ ಹಿಡಿಯುತ್ತಿತ್ತು. ಇಂಗ್ಲಿಷ್ ಓದಲು ಬಾರದಿದ್ದರೂ ಯಾವ ಪರದೆ ಬಂದಾಗ ಏನು ಒತ್ತಬೇಕೆಂಬುದು ಅವರಿಗೆ ಬಾಯಿಪಾಠ.

ನನಗೋ ಬುದ್ಧಿವಂತಿಕೆಯ ಹಮ್ಮು. ಒಂದು ಸರ್ವರ್ ಕೂರಿಸಿದೆ. ಕಂಪ್ಯೂಟರ್ ಆನ್ ಆದ ಕೂಡಲೇ ಯಾರನ್ನೂ ಕೇಳದೆ ಹಳೆಯದನ್ನೆಲ್ಲ ಅಳಿಸಿ, ನೆಟ್‌ವರ್ಕಿನಿಂದ ಹೊಸದನ್ನು ತಾನೇ ತುಂಬಿಕೊಳ್ಳಬೇಕು. ಮೇಲಿನ ಲ್ಯಾಬಿನ ಮೂವತ್ತೂ ಒಂದೇ ಬೆಳಿಗ್ಗೆ ಮುಗಿದವು. ಅವರು ಕೈಕಟ್ಟಿ ನೋಡುತ್ತ ನಿಂತಿದ್ದರು.

"ಹಂಗಾದ್ರೆ ಇನ್ಮೇಲೆ ನನ್ಗೇನ್ ಕೆಲ್ಸ ಸಾರ್?"

"ಸ್ವಿಚ್ ಹಾಕಿ ಸಾಕು ಯಜಮಾನ್ರೇ," ಎಂದು ನಕ್ಕೆ. ಆ ನಗು ನೆನೆದರೆ ಈಗ ಮೈ ಉರಿಯುತ್ತದೆ.

ಕೆಳಗಿನ ಲ್ಯಾಬಿನ ಮೂವತ್ತರಲ್ಲಿ ಕೊನೇ ವರ್ಷದ ಮಕ್ಕಳ ಪ್ರಾಜೆಕ್ಟುಗಳಿದ್ದವು. ಹಬ್ಬ ಮುಗಿದ ಮೇಲೆ ಅವುಗಳ ಕಾಪಿ ತೆಗೆದಿಟ್ಟು ಹೊಸದು ಹಾಕೋಣವೆಂದು ಆ ಕಂಪ್ಯೂಟರುಗಳನ್ನೂ ಆನ್ ಮಾಡಿದರೆ ಸಾಕೆಂಬಂತೆ ಸಿದ್ಧಮಾಡಿ ಇಟ್ಟಿದ್ದೆ. ಊರಿಗೆ ಹೋಗುವ ಮುನ್ನ ಸರ್ವರ್ ಆಫ್ ಮಾಡಬೇಕಿತ್ತು. ನಮ್ಮೂರು ಮಧುರೆಯ ಬಸ್ಸು ತಪ್ಪೀತೆಂದು ಹಾಗೇ ಓಡಿದೆ...

ಆಯುಧಪೂಜೆಗೆ ಅವರದೊಂದು ನೇಮವಿತ್ತು. ಆಫ್ ಮಾಡಿಟ್ಟ ಯಂತ್ರಕ್ಕೆ ಪೂಜೆ ಮಾಡುತ್ತಿರಲಿಲ್ಲ. "ಮಲ್ಗಿರೋರ್ಗೆ ಯಾರಾದ್ರೂ ಆರ್ತಿ ಎತ್ತಾರಾ?" ಅನ್ನುತ್ತಿದ್ದರು. ಆ ವರ್ಷವೂ ಅರಿಸಿನದ ನೀರು ಚಿಮುಕಿಸಿ, ಕುಂಕುಮ ಇಟ್ಟು, ಹೂ ಏರಿಸಿ, ಕೆಳಗಿನ ಮೂವತ್ತನ್ನೂ ಆನ್ ಮಾಡಿ ಆರತಿ ಎತ್ತಿದರು. ಮಕ್ಕಳ ವರ್ಷದ ದುಡಿಮೆ ಅಳಿಸಿಹೋಯಿತು.

ಹಬ್ಬ ಮುಗಿಸಿ ಬಂದವನಿಗೆ ಪರದೆ ನೋಡಿದ ಕೂಡಲೇ ಎಲ್ಲ ಅರ್ಥವಾಯಿತು. ಯಾರು ಆನ್ ಮಾಡಿದ್ದು ಎಂದು ಪ್ರಿನ್ಸಿಪಾಲರು ಕೇಳಿದರು.

"ನಾನೇ ಸಾರ್. ಅರಿಸ್ನದ್ ನೀರು ಒಳೀಕೆ ಹೋಗ್ಬಿಟ್ಟೈತೆ ಅನ್ಸುತ್ತೆ," ಎಂದರು ಅವರು.

ನಾನು ಪಕ್ಕದಲ್ಲೇ ಇದ್ದೆ. ಬಾಯಿ ಬಿಡಲಿಲ್ಲ. ನನ್ನ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ... ಹೇಡಿತನಕ್ಕೊಂದು ನೆಪ ಬೇಕಲ್ಲ. ಅವತ್ತೇ ಅವರನ್ನು ಕೆಲಸದಿಂದ ತೆಗೆದರು. ಹೊರಡುವಾಗ ನನ್ನ ಹತ್ತಿರ ಬಂದು, "ನೀರಿಂದಾನೇ ಆಯ್ತಾ ಸಾರ್?" ಎಂದು ಮೆಲ್ಲಗೆ ಕೇಳಿದರು.

"ಇರ್ಬೋದು ಯಜಮಾನ್ರೇ," ಎಂದೆ.

ಪಿಲ್ಲಗುಂಪೆಯ ಕಾರ್ಖಾನೆಯೊಂದರ ಗೇಟಿನಲ್ಲಿ ಸೆಕ್ಯುರಿಟಿ ಕೆಲಸಕ್ಕೆ ಸೇರಿದರೆಂದು ಆಮೇಲೆ ಕೇಳಿದೆ. ಹೋಗಿ ನಿಜ ಹೇಳಿ ಬರಬೇಕೆಂದು ಪ್ರತಿ ವರ್ಷ ಅಂದುಕೊಂಡೆ. ಕೊನೆಗೆ ಹೋದದ್ದು ಅವರ ತಿಥಿಗೆ. ನಾನು ಕಾಲೇಜಿನವನೆಂದು ತಿಳಿದ ಅವರ ಮಗಳು ಅನ್ನ ಬಡಿಸುತ್ತ ಹೇಳಿದಳು: "ಅಪ್ಪ ಆಮೇಲೆ ಆಯುಧಪೂಜೇಲಿ ಏನೂ ಮುಟ್ತಿರ್ಲಿಲ್ಲ ಸಾರ್. 'ನನ್ ಕೈ ಒಳ್ಳೇದಲ್ಲ' ಅಂತಿದ್ರು. ಮನೆ ಸ್ಕೂಟಿಗೂ ನನ್ ಕೈಲೇ ಪೂಜೆ ಮಾಡಿಸ್ತಿದ್ರು."

ಅಲ್ಲೂ ಹೇಳಲಿಲ್ಲ. ತಲೆ ತಗ್ಗಿಸಿ ಉಂಡೆದ್ದೆ.

ಗುಜರಿಯವನು ಎರಡು ಸಲ ಬಂದು ಹೋದ. ಡಬ್ಬ ಇನ್ನೂ ನನ್ನ ಮೇಜಿನ ಮೇಲೇ ಇದೆ. ನಿಮ್ಮ ಕೈ ಒಳ್ಳೆಯದೇ ಯಜಮಾನ್ರೇ, ಕೆಟ್ಟದ್ದು ನನ್ನದು... ಎಂದು ಇವತ್ತು ಬರೆಯುತ್ತಿದ್ದೇನೆ. ಕೇಳಬೇಕಾದವರು ಇಲ್ಲ.